ತುಪ್ಪವಿಲ್ಲದ ಬಿಸ್ಕೀಟು

ಜೂನ್ 4

ಇವತ್ತು ಓಣಿಯಲ್ಲಿ ನನ್ನ ಮಾನ ಹರಾಜಾಯಿತು. ಅದೂ ಒಂದು ಡಬ್ಬಿ ತುಪ್ಪದ ಸಲುವಾಗಿ.

ಲಲಿತಾಬಾಯಿ ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಬಂದರು. ಇವರ ಮೊದಲ ಹೆಂಡತಿ ಸುವರ್ಣಾಳ ತಾಯಿ. ಸುವರ್ಣಾ ಬಿಟ್ಟುಹೋದ ಹುಡುಗಿಗೆ ಆಯಿ, ಅಂದರೆ ಅಜ್ಜಿ. ಒಂದು ಚೀಲದಲ್ಲಿ ತಮ್ಮ ತೋಟದ ಕೆಂಪು ಬಾಳೆಹಣ್ಣು, ಇನ್ನೊಂದರಲ್ಲಿ ತಾವೇ ಕಾಸಿದ ತುಪ್ಪ. ಹಣ್ಣು ಇಟ್ಟುಕೊಂಡೆ, ತುಪ್ಪ ವಾಪಸು ಕೈಗಿಟ್ಟೆ. ನಯವಾಗಿ ಹೇಳಬಹುದಿತ್ತು. ನನಗೆ ನಯ ಬರುವುದಿಲ್ಲ. ಮದುವೆಯಾಗುವ ತನಕ ಗಣಿತದ ಮೇಡಂ ಆಗಿದ್ದವಳು, ತಪ್ಪು ಲೆಕ್ಕಕ್ಕೆ ತಪ್ಪು ಅಂತಲೇ ಗೀಟು ಎಳೆದು ರೂಢಿ.

"ಡಾಕ್ಟರ್ ಬ್ಯಾಡ ಅಂದಾರ್ರೀ" ಅಂದೆ.

"ತಾಯಿ ಹೋದ ಕೂಸಿಗಿ ಒಂದು ಚಮಚಾ ತುಪ್ಪಕ್ಕೂ ಬರ ಬಂತೇನವ್ವಾ ಈ ಮನ್ಯಾಗ?" ಅಂತ ಅವರು ಕಟ್ಟೆಯ ಮೇಲೆ ನಿಂತು ಕೇಳಿದರು. ಬ್ರಹ್ಮಪುರದ ನಮ್ಮ ಓಣಿಯಲ್ಲಿ ಒಂದು ಮನೆಯವರು ಸೀನಿದರೆ ಇನ್ನೊಂದು ಮನೆಯವರಿಗೆ ಗೊತ್ತಾಗುತ್ತದೆ. ಬಾಗಿಲುಗಳೆಲ್ಲ ತೆರೆದುಕೊಂಡವು. ಮಲತಾಯಿ ಅನ್ನುವ ಮಾತನ್ನು ಯಾರೂ ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ.

ಬೇಸಿಗೆಯಲ್ಲಿ ಹುಡುಗಿ ಟೈಫಾಯಿಡ್ ಆಗಿ ಆಸ್ಪತ್ರೆಯಲ್ಲಿದ್ದಳು. ಆಗ ಕೊಟ್ಟ ಇಂಜೆಕ್ಷನ್ನಿಗೋ ಏನೋ, ಪಿತ್ತಕೋಶದಲ್ಲಿ ಕೆಸರಿನಂಥದ್ದು ಕಟ್ಟಿದೆ. ಮಕ್ಕಳಲ್ಲಿ ಇದು ಬಹಳ ಸಲ ತಾನಾಗಿಯೇ ಕರಗುತ್ತದಂತೆ. ಕರಗುವ ತನಕ ತುಪ್ಪ, ಎಣ್ಣೆ, ಬೆಣ್ಣೆ ಆದಷ್ಟು ಕಡಿಮೆ ಮಾಡಿರಿ, ಜಿಡ್ಡು ಹೆಚ್ಚಾದರೆ ನೋವು ಕೆರಳುತ್ತದೆ, ಮೇಲಿಂದ ಮೇಲೆ ಕೆರಳಿದರೆ ಆಪರೇಷನ್ ಯೋಚನೆ ಮಾಡಬೇಕಾಗುತ್ತದೆ ಅಂದಿದ್ದಾರೆ ಡಾಕ್ಟರು. ಇದನ್ನೆಲ್ಲ ಓಣಿಯ ಮುಂದೆ ಹೇಗೆ ಬಿಡಿಸಿ ಹೇಳಲಿ?

ಹೋಗುವಾಗ ಲಲಿತಾಬಾಯಿ ಇವರಿಗೆ ಹೇಳಿದರು: "ಪಂಚಮಿ ತನಕ ನೋಡ್ತೀನಿ ಯಶವಂತಾ. ಕೂಸು ಸುಧಾರಿಸಲಿಲ್ಲಂದ್ರ ನಾ ಕರಕೊಂಡ್ ಹೋಗಾಕೇ. ಕಮಲಾಪುರದಾಗೂ ಸಾಲಿ ಅವ."

ಇವರು "ನೋಡೋಣ್ರೀ" ಅಂದರು. ನೆಹರು ಗಂಜಿನ ತಮ್ಮ ಅಂಗಡಿಯಲ್ಲಿ ಗಿರಾಕಿಗೆ ಅಂದ ಹಾಗೆ.

ಖರೆ ಹೇಳಬೇಕೆಂದರೆ, ಕರೆದುಕೊಂಡು ಹೋದರೆ ನನಗೂ ಹಗುರ. ಮದುವೆಯಾಗಿ ವರ್ಷ ತುಂಬಿಲ್ಲ. ಇವರ ಮಗಳು ನನ್ನನ್ನು ಇಲ್ಲಿಯವರೆಗೆ ಏನೆಂದೂ ಕರೆದಿಲ್ಲ. ಬರೀ "ರೀ".

ಜೂನ್ 10

ಸಾಲಿ ಶುರುವಾಯಿತು. ಸಣ್ಣ ಬಿಡುವಿಗೆ ಒಂದು ಡಬ್ಬಿ, ಊಟಕ್ಕೆ ಒಂದು. ಊಟದ ಡಬ್ಬಿ ಸುಲಭ. ಜೋಳದ ರೊಟ್ಟಿ, ಬೇಳೆ, ಪಲ್ಯೆ. ಕಷ್ಟ ಇರುವುದು ಸಣ್ಣದರಲ್ಲಿ. ಬೇರೆ ಮಕ್ಕಳು ಕ್ರೀಮ್ ಬಿಸ್ಕೀಟು, ಚಿಪ್ಸು, ಪಫ್ ತರುತ್ತಾರೆ. ಇವಳು ಸುಮ್ಮನೆ ನೋಡುತ್ತ ಕೂಡಬೇಕು.

ಡಬ್ಬಿ ಮಾತ್ರ ಯಾವತ್ತೂ ಖಾಲಿಯಾಗಿ ಬರುತ್ತದೆ. "ಹ್ಯಾಂಗಿತ್ತು?" ಅಂದರೆ "ಚಲೋ ಇತ್ರೀ." ಉಪ್ಪಿಲ್ಲದ ಉಪ್ಪಿಟ್ಟು ಕಳಿಸಿದ ದಿನವೂ "ಚಲೋ ಇತ್ರೀ." ಬೀಗರ ಮನೆಗೆ ಬಂದವರು ಹೀಗೆ ಮಾತಾಡುತ್ತಾರೆ. ಹತ್ತು ವರ್ಷದ ಹುಡುಗಿ.

ಜೂನ್ 15

ಮನೆಯಲ್ಲೇ ಬಿಸ್ಕೀಟು ಮಾಡುವ ಹಟ ಹಿಡಿದೆ. ಬೆಣ್ಣೆಯ ಬದಲು ಕಿವುಚಿದ ಬಾಳೆಹಣ್ಣು ಹಾಕಬಹುದು ಅಂತ ಮೊಬೈಲಿನಲ್ಲಿ ನೋಡಿದ್ದೆ. ಕಮಲಾಪುರದ ಕೆಂಪು ಹಣ್ಣು ಮನೆಯಲ್ಲೇ ಇದೆ, ಅದಕ್ಕೆ ಸಿಹಿಯೂ ಇದೆ, ಪರಿಮಳವೂ ಇದೆ. ಜೋಳದ ಹಿಟ್ಟು, ಗೋಧಿ ಹಿಟ್ಟು, ಬೆಲ್ಲ, ಮೊಸರು. ಕುಕ್ಕರಿನಲ್ಲಿ ಉಪ್ಪು ಹರವಿ, ಮೇಲೆ ತಾಟು ಇಟ್ಟು ಬೇಯಿಸಿದೆ.

ಇವರು ಒಂದನ್ನು ಎತ್ತಿ ನೆಲಕ್ಕೆ ಬಡಿದು ನೋಡಿದರು. "ಶಹಾಬಾದಕ್ಕ ಯಾಕ ಹೋಗಬೇಕು, ಫರ್ಸಿ ಕಲ್ಲು ಮನ್ಯಾಗೇ ತಯಾರ್ ಆಗಾಕತ್ಯಾವ" ಅಂದರು. ನಗಲಿ. ಹುಡುಗಿ ಒಂದನ್ನು ಪೂರ್ತಿ ಅಗಿದು ತಿಂದಳು. "ಚಲೋ ಅದ್ರೀ" ಅಂದಳು. ಅವಳ ಹಲ್ಲಿಗೆ ನಾನು ಹೆದರಿದೆ.

ಜೂನ್ 22

ಬಾಜೂ ಓಣಿಯಲ್ಲಿ ಬುರ್ಹಾನುದ್ದೀನ್ ಚಾಚಾನ ಬಿಸ್ಕೀಟು ಸುಡುವ ಭಟ್ಟಿ ಇದೆ. ಇಲ್ಲಿಯ ಪದ್ಧತಿಯೇ ಹಾಗೆ: ಮದುವೆ, ರಂಜಾನ್, ದೀಪಾವಳಿ ಬಂತೆಂದರೆ ಹಿಂದೂ ಮುಸ್ಲಿಂ ಎಲ್ಲರೂ ಹಿಟ್ಟು, ಸಕ್ಕರೆ, ತುಪ್ಪ ತಮ್ಮ ಮನೆಯಿಂದಲೇ ಒಯ್ದು ಕೊಡುತ್ತಾರೆ, ಅವರು ಕಲಸಿ, ಸುಟ್ಟು ಕೊಡುತ್ತಾರೆ. ನಾನೂ ಒಯ್ದೆ. ಹುಡುಗಿ ಜೊತೆಗೆ ಬಂದಳು, ಚಾಚಾನ ಮೊಮ್ಮಗಳು ಅಫ್ಶೀನ್ ಅವಳ ಕ್ಲಾಸಿನವಳೇ.

ಚಾಚಾ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಕೊನೆಗೆ ಚೀಲದೊಳಗೂ ಬಗ್ಗಿ ನೋಡಿದರು.

"ತುಪ್ಪಾ?"

"ಇಲ್ರೀ ಚಾಚಾ. ಬಾಳಿಹಣ್ಣು ಅದಲ್ರೀ, ಅದರಾಗೇ ಆಗ್ತದ."

ಅವರು ನನ್ನನ್ನೂ ನೋಡಿದರು, ಹುಡುಗಿಯನ್ನೂ ನೋಡಿದರು. "ಅಚ್ಛಾ ಬೇಟಿ" ಅಂದರು. ಕಾಯಿಲೆಯ ಪುರಾಣ ಎಲ್ಲರ ಮುಂದೆ ಬಿಚ್ಚುವುದು ನನಗೆ ಸೇರುವುದಿಲ್ಲ, ಹೇಳಲಿಲ್ಲ.

ಬಿಸ್ಕೀಟು ಮೇಲೆ ಗಟ್ಟಿ, ಒಳಗೆ ಹಸಿ. ಕುಕ್ಕರಿಗಿಂತ ವಾಸಿ, ಅಷ್ಟೇ.

ಜುಲೈ 5

ಆಯಿತು! ಕೊನೆಗೂ ಆಯಿತು!

ಸಂಜೆ ಮನೆಯಲ್ಲಿ ಟ್ಯೂಷನ್ ಶುರು ಮಾಡಿದ್ದರಿಂದ ಈಗ ಭಟ್ಟಿಗೆ ಹುಡುಗಿಯೇ ಸಾಮಾನು ಒಯ್ಯುತ್ತಾಳೆ. ಈ ಸಲ ಹಣ್ಣು ಇನ್ನೂ ಕಳಿತದ್ದು ಹಾಕಿ, ಮೊಸರಿನ ನೀರು ಬಸಿದು ಕಳಿಸಿದ್ದೆ. ಡಬ್ಬಿ ತೆರೆದರೆ ಪರಿಮಳ ಮನೆ ತುಂಬಾ. ಒಂದನ್ನು ಮುರಿದೆ, ಪುಡಿಪುಡಿಯಾಗಿ ಮುರಿಯಿತು. ಬಾಯಲ್ಲಿಟ್ಟರೆ ಕರಗಿತು. ಬೆಣ್ಣೆ ಇಲ್ಲ, ತುಪ್ಪ ಇಲ್ಲ, ಬರೀ ಬಾಳೆಹಣ್ಣಿನಿಂದ! ನನಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ನಿಂತು ಹುಚ್ಚಿಯಂತೆ ನಕ್ಕೆ. ಹುಡುಗಿ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು.

"ತಿಂದ್ ನೋಡು" ಅಂದೆ.

ತಿಂದಳು. ನನ್ನ ಮುಖ ನೋಡಿದಳು. "ಭಾಳ ಚಲೋ ಅವ್ರೀ" ಅಂದಳು.

ಭಾಳ! ಮೊದಲ ಸಲ ಒಂದು ಶಬ್ದ ಹೆಚ್ಚು. ಇವರಿಗೂ ಎರಡು ಕೊಟ್ಟೆ. ಫರ್ಸಿ ಅಂತ ಅನ್ನುವ ಧೈರ್ಯ ಬರಲಿಲ್ಲ, ಮೂರನೆಯದಕ್ಕೆ ಕೈ ಚಾಚಿದರು. ಲಲಿತಾಬಾಯಿಗೆ ಫೋನು ಮಾಡಿ ಹೇಳಬೇಕು ಅನಿಸಿತು. ಮಾಡಲಿಲ್ಲ. ಪಂಚಮಿಗೆ ಬಾಯಿಗೇ ಹಾಕಿ ತೋರಿಸುತ್ತೇನೆ.

ಜುಲೈ 13

ಎರಡನೆಯ ಸಲವೂ ಅಷ್ಟೇ ಚಲೋ ಬಂತು. ಆಕಸ್ಮಿಕ ಅಲ್ಲ, ಲೆಕ್ಕ ಸರಿಯಾಗಿದೆ.

ಜುಲೈ 19

ಭಾಗಿಗೆ ಏನಾಗಿದೆಯೋ. ಹುಡುಗಿಯ ಪೂರ್ತಿ ಹೆಸರು ಭಾಗ್ಯವಂತಿ, ಆಯಿ ಘತ್ತರಗಿ ದೇವಿಗೆ ಹರಕೆ ಹೊತ್ತು ಇಟ್ಟದ್ದು. ಸಾಲಿಯಿಂದ ಬಂದವಳೇ ಗೋಡೆಯ ಕಡೆ ಮುಖ ಮಾಡಿ ಮೊಣಕಾಲು ಮಡಚಿ ಮಲಗುತ್ತಾಳೆ. ಕೇಳಿದರೆ "ಏನಿಲ್ರೀ". ಮೊನ್ನೆಯೂ ಹಾಗೇ. ಸಿಟ್ಟಿರಬೇಕು. ಟ್ಯೂಷನ್ ಮಕ್ಕಳ ಮುಂದೆ ಅವಳ ಮಗ್ಗಿ ತಪ್ಪಿದ್ದನ್ನು ತಿದ್ದಿದ್ದೆ, ಅದಕ್ಕೇ ಏನೋ. ಸಿಟ್ಟಿದ್ದರೆ ಬಾಯಿ ಬಿಟ್ಟು ಹೇಳಬಾರದೇ? ಮಾತಾಡದವರ ಜೊತೆ ಜಗಳವನ್ನೂ ಆಡಲು ಬರುವುದಿಲ್ಲ.

ರಾತ್ರಿ ಊಟಕ್ಕೆ ತಿಳಿ ಸಾರು ಮಾಡಿದ್ದೆ. ಎರಡು ತುತ್ತು ತಿಂದಳು. ಒಂದು ಬಿಸ್ಕೀಟು ಕೊಟ್ಟೆ, ಅದನ್ನು ಪೂರ್ತಿ ತಿಂದಳು.

ಜುಲೈ 27

ಪಂಚಮಿಗೆ ಭಾಗಿಯನ್ನು ಕಮಲಾಪುರಕ್ಕೆ ಕಳಿಸಿದ್ದಾಯಿತು. ಕಳಿಸದಿದ್ದರೆ ಅದಕ್ಕೂ ನಾನೇ ಕೆಟ್ಟವಳು. ನನಗೆ ಭಯ ಇರುವುದು ಉಂಡಿಯದು. ಪಂಚಮಿ ಅಂದರೆ ಆ ಮನೆಯಲ್ಲಿ ಶೇಂಗಾ ಉಂಡಿ, ರವೆ ಉಂಡಿ, ಬೇಸನ್ ಉಂಡಿ, ಎಲ್ಲದರಲ್ಲೂ ತುಪ್ಪ ತೊಟ್ಟಿಕ್ಕುತ್ತಿರುತ್ತದೆ. ಅದಕ್ಕೆ ತಗಡಿನ ದೊಡ್ಡ ಡಬ್ಬಿಗೆ ಪೇಪರು ಹಾಸಿ, ಭಟ್ಟಿಯಿಂದ ಬಂದ ಬಿಸ್ಕೀಟು ಭರ್ತಿ ತುಂಬಿ ಕೊಟ್ಟೆ.

"ಉಂಡಿ ಆಶಾ ಆದ್ರ ಇದನ್ನ ತಿನ್ನು. ಎಷ್ಟ್ ಬೇಕಷ್ಟ್ ತಿನ್ನು, ಏನೂ ಆಗಂಗಿಲ್ಲ" ಅಂದೆ.

ಅವಳು ಡಬ್ಬಿ ಎದೆಗೆ ಅವಚಿಕೊಂಡು ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಬೀಸುತ್ತಾಳೇನೋ ಅಂತ ನೋಡಿದೆ. ಎರಡೂ ಕೈಯಲ್ಲಿ ಡಬ್ಬಿ ಇತ್ತು.

ಜುಲೈ 31

ನಿನ್ನೆ ಮುಂಜಾನೆ ಫೋನು ಬಂತು. ಪಂಚಮಿ ಮುಗಿದ ಮರುದಿನವೇ ಭಾಗಿಗೆ ಹೊಟ್ಟೆ ಹಿಡಿದುಕೊಂಡಿತು. ವಾಂತಿ. ಜೀಪು ಮಾಡಿಕೊಂಡು ಲಲಿತಾಬಾಯಿ ಇಲ್ಲಿಗೇ ಕರೆತಂದರು. ನಾನು ಆಸ್ಪತ್ರೆಗೆ ಹೋದಾಗ ಅವಳು ಮಂಚದ ಮೇಲೆ ಮುದುಡಿ, ತುಟಿ ಕಚ್ಚಿಕೊಂಡು ಮಲಗಿದ್ದಳು. ಅಳುತ್ತಿರಲಿಲ್ಲ. ಅಷ್ಟು ನೋವಿನಲ್ಲೂ ನರ್ಸು "ಹೆಂಗದ ಪುಟ್ಟಿ?" ಅಂದರೆ "ಚಲೋ ಅದ್ರೀ" ಅಂದಳು.

ಡಾಕ್ಟರು ಕೇಳಿದರು, "ಜಿಡ್ಡಿಂದು ಏನ್ ತಿಂದಾಳ? ಇದು ಒಂದಿನದ್ದಲ್ಲ ಅನಸ್ತದ. ಮತ್ತೊಮ್ಮಿ ಹಿಂಗಾದ್ರ ಸರ್ಜನ್‌ಗೆ ತೋರಸಬೇಕಾಗ್ತದ."

ನಾನು ವರಾಂಡಕ್ಕೆ ಬಂದೆ. ಲಲಿತಾಬಾಯಿ ಬೆಂಚಿನ ಮೇಲೆ ಕೂತಿದ್ದರು. ಸುತ್ತ ಜನ ಇದ್ದರು, ನನಗೆ ಕಾಣಲಿಲ್ಲ.

"ಎಷ್ಟ್ ಉಂಡಿ ತಿನಿಸೀರಿ? ನಿಮ್ಮ ತುಪ್ಪ ಅಕಿ ಜೀವಕ್ಕಿಂತ ಹೆಚ್ಚಾತೇನ್ರೀ?"

ಅವರು ಸೆರಗು ಮುಂದೆ ಎಳೆದುಕೊಂಡು ನೆಲ ನೋಡಿದರು. ಓಣಿಯಲ್ಲಿ ಅಷ್ಟು ಬಾಯಿ ಮಾಡಿದವರು. ಅಂದರೆ ತಪ್ಪು ಗೊತ್ತಾಗಿದೆ.

ಆಗಸ್ಟ್ 3

ಲಲಿತಾಬಾಯಿ ಭಾಗಿಯನ್ನು ಕಮಲಾಪುರಕ್ಕೆ ಕರೆದುಕೊಂಡು ಹೋದರು. ಪಂಚಮಿಯ ಮಾತು ಮಾತೇ ಅಂತೆ. ಇವರು ಹೂಂ ಅಂತ ತಲೆ ಅಲ್ಲಾಡಿಸಿದರು. ಸಾಲಿಯಿಂದ ದಾಖಲೆ ತೆಗೆಸುವ ಮಾತೂ ನಡೆದಿದೆ.

ಮನೆ ಖಾಲಿ. ಹಗುರ ಆಗುತ್ತದೆ ಅಂದುಕೊಂಡಿದ್ದೆನಲ್ಲ.

ಆಗಸ್ಟ್ 4

ಮುಂಜಾನೆ ಎದ್ದು ಸಣ್ಣ ಡಬ್ಬಿ ತೊಳೆದಿಟ್ಟೆ. ಆಮೇಲೆ ನೆನಪಾಯಿತು.

ಆಗಸ್ಟ್ 6

ಅವಳ ಔಷಧಿ, ಪುಸ್ತಕ ಕೊಡುವ ನೆಪ ಮಾಡಿಕೊಂಡು ಕಮಲಾಪುರಕ್ಕೆ ಹೋದೆ. ಜಗಳ ಆಡಲೇಬೇಕು, ತುಪ್ಪದ ಡಬ್ಬಿ ಹಿಡಿದು ತೋರಿಸಬೇಕು ಅಂತಲೇ ಹೋಗಿದ್ದು.

ಅಡುಗೆಮನೆಯಲ್ಲಿ ತುಪ್ಪದ ವಾಸನೆಯೇ ಇರಲಿಲ್ಲ. ಒಲೆಯ ಮೇಲೆ ಒಗ್ಗರಣೆ ಇಲ್ಲದ ತೊವ್ವೆ. ಬುಟ್ಟಿಯಲ್ಲಿ ಎಣ್ಣೆ ಇಲ್ಲದೇ ಹುರಿದ ಜೋಳದ ಅಳ್ಳು, ಪಕ್ಕದಲ್ಲಿ ಬೆಲ್ಲದ ಚೂರು. "ಪಂಚಮಿಗಿ ಇದೇ ಕೊಟ್ಟೀನಿ ಅಕಿಗಿ. ಉಂಡಿ ಮಾಡಲೇ ಇಲ್ಲ ಈ ವರ್ಷ" ಅಂದರು ಲಲಿತಾಬಾಯಿ. ನನ್ನ ಕಡೆ ನೋಡದೇ, ರೊಟ್ಟಿ ಬಡಿಯುತ್ತಲೇ. "ಓಣ್ಯಾಗ ಬಾಯಿ ಮಾಡಿ ಬಂದೆ. ಆಮ್ಯಾಲ ಇಲ್ಲಿ ಡಾಕ್ಟರ್‌ಗಿ ಕೇಳಿದೆ. ನೀ ಹೇಳಿದ್ದೇ ಖರೇ ಅಂದ್ರು."

ನಂಬಲೋ ಬಿಡಲೋ ಗೊತ್ತಾಗಲಿಲ್ಲ. ಭಾಗಿ ಕಂಬ ಹಿಡಿದು ನಿಂತಿದ್ದಳು, ಸಣ್ಣಗಾಗಿದ್ದಾಳೆ. ನನ್ನನ್ನು ನೋಡಿ ಒಂದು ಹೆಜ್ಜೆ ಮುಂದೆ ಬಂದಳು, ಆಯಿಯನ್ನು ನೋಡಿ ನಿಂತಳು.

ಹೊರಡುವಾಗ ಲಲಿತಾಬಾಯಿ ತಗಡಿನ ಡಬ್ಬಿ ತಂದುಕೊಟ್ಟರು. "ನಿನ್ನ ಡಬ್ಬಿ. ಒಂದೂ ಉಳಿಸಿಲ್ಲ ಪೋರಿ. ಬಂದವರಿಗೆಲ್ಲ ತೋರಿಸಿ, ನಮ್ಮನ್ಯಾಗ ಹಿಂಗ ಮಾಡ್ತಾರ ಅಂತ ಹೇಳಿ ಹೇಳಿ ತಿಂದಾಳ."

ಬಸ್ಸು ಮಹಾಗಾಂವ ದಾಟುವಾಗ, ಸುಮ್ಮನೆ ಕೈಗೆ ಕೆಲಸ ಬೇಕು ಅಂತ ಡಬ್ಬಿ ತೆರೆದೆ. ಒಳಗಿನ ಪೇಪರು ಅಂಚಿನಿಂದ ಅಂಚಿಗೆ ಎಣ್ಣೆ ಕುಡಿದು ಆಚೆಯದು ಈಚೆ ಕಾಣುವಂತಾಗಿತ್ತು. ಬೆರಳಾಡಿಸಿದೆ. ಬೆರಳಿಗೆ ಜಿಡ್ಡು ಹತ್ತಿತು. ಮೂಸಿದೆ. ಡಾಲ್ಡಾ.

ಆಗಸ್ಟ್ 7

ಭಟ್ಟಿಗೆ ನಾನೇ ಹೋದೆ. ಪಾತ್ರೆಗಳನ್ನು ಕೊಟ್ಟು, ಮೊದಲ ಸಲದಂತೆ ಹೊರಗೆ ನಿಲ್ಲದೇ ಒಳಗೇ ನಿಂತೆ. ಚಾಚಾ ಹಿಟ್ಟು, ಬೆಲ್ಲ, ಹಣ್ಣು ಎಲ್ಲ ಕಲಸುವ ಪರಾತಕ್ಕೆ ಸುರಿದರು. ಆಮೇಲೆ ಬಾಜೂ ಇದ್ದ ಡಬ್ಬಕ್ಕೆ ಕೈ ಹಾಕಿ ಒಂದು ಮುಷ್ಟಿ ಡಾಲ್ಡಾ ತೆಗೆದು ಹಾಕಿದರು. ನನ್ನ ಮುಂದೆಯೇ, ಮುಚ್ಚುಮರೆ ಇಲ್ಲದೇ. ಇನ್ನೊಂದು ಮುಷ್ಟಿಗೆ ಕೈ ಹೋಯಿತು.

"ಚಾಚಾ, ಏನ್ ಮಾಡಾಕತ್ತೀರಿ?"

"ಹಮೇಶಾ ಹಾಕ್ತೀನಲ್ಲ ಬೇಟಿ. ಪೈಸೆ ಕೇಳಿಲ್ಲ, ಕೇಳಂಗೂ ಇಲ್ಲ." ಅವರ ಮುಖದಲ್ಲಿ ಸಂಕೋಚ ಇತ್ತು, ನನ್ನ ಸಲುವಾಗಿ. "ಮೊದಲ್ನೇ ಸಲ ಸುಕ್ಕಾ ಬಿಸ್ಕೀಟ್ ಒಯ್ದ್ರಿ. ನನಗ ಊಟ ಸೇರ್ಲಿಲ್ಲ. ತಾಯಿ ಇಲ್ಲದ ಬಚ್ಚೀ, ನನ್ನ ಭಟ್ಟಿಯಿಂದ ತುಪ್ಪ ಇಲ್ಲದ್ದು ತಿನ್ನಬೇಕಾ? ಘರ್ ಮೇ ಏನರ ಪೈಸೆದು ತಕಲೀಫ್ ಇರ್ತದ, ಕೇಳಬಾರದು ಅಂತ ನಾನೇ ಹಾಕಿದೆ."

ನಾನು ಕಾಯಿಲೆಯ ವಿಷಯ ಹೇಳಿದೆ. ಜೂನ್‌ನಲ್ಲಿ ಹೇಳಬೇಕಿದ್ದ ಎರಡು ಮಾತು. ಚಾಚಾ ಕೈ ಒರೆಸಿಕೊಳ್ಳುವುದನ್ನೂ ಮರೆತು ಸ್ಟೂಲಿನ ಮೇಲೆ ಕೂತರು. "ಯಾ ಅಲ್ಲಾ" ಅಂದರು. ಆಮೇಲೆ "ಆದ್ರ ಬಚ್ಚೀ ನೋಡ್ಯಾಳಲ್ಲ? ಇಲ್ಲೇ ನಿಂತಿರ್ತಿದ್ಲು. ನೋಡಿ ಸುಮ್ಮನಿದ್ಲಲ್ಲ?" ಅಂದರು.

ಆಗಸ್ಟ್ 8

ಈ ವಿಷಯ ಲಲಿತಾಬಾಯಿಗೆ ಗೊತ್ತಿಲ್ಲ. ಇವರಿಗೂ ಗೊತ್ತಿಲ್ಲ. ಪೇಪರು ನಾನು ಒಲೆಗೆ ಹಾಕಿದರೆ ಮುಗಿಯಿತು. ಇವರ ಲೆಕ್ಕದಲ್ಲಿ ಉಂಡಿಯದೇ ತಪ್ಪು ಅಂತ ಉಳಿಯುತ್ತದೆ, ನಾಲ್ಕು ದಿನ ಬಿಟ್ಟು ಇವರನ್ನು ಕಳಿಸಿ ಭಾಗಿಯನ್ನು ಕರೆಸಿಕೊಳ್ಳಬಹುದು. ಹೇಳಿದರೆ ಕರೆಸಿಕೊಳ್ಳುವ ಮಾತೇ ಇಲ್ಲ. ಯಾವ ಬಾಯಲ್ಲಿ ಕೇಳಲಿ? ಎಷ್ಟು ಬೇಕಷ್ಟು ತಿನ್ನು ಅಂತ ಕೈಯಾರೆ ಡಬ್ಬಿ ತುಂಬಿ ಕೊಟ್ಟವಳು ನಾನೇ.

ನನಗೆ ಅವಳು ಬೇಕು. ಇದನ್ನು ಬರೆಯಲು ಇಷ್ಟು ಹೊತ್ತು ಕೂತಿದ್ದೇನೆ.

ಆಗಸ್ಟ್ 10

ಹೇಳಿಬಿಟ್ಟೆ.

ಇವರನ್ನೂ ಕರೆದುಕೊಂಡು ಹೋಗಿದ್ದೆ. ಲಲಿತಾಬಾಯಿ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದರು. ಭಾಗಿ ಬಾಜೂ ಕೂತು ಕಲ್ಲು ಆರಿಸುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ, ಕೂತರೆ ಧೈರ್ಯ ಹೋಗುತ್ತಿತ್ತು.

"ಆಯೀ, ನಿಮ್ಮದು ತಪ್ಪಿಲ್ಲ. ನಾ ಕಳಿಸಿದ ಬಿಸ್ಕೀಟಿನಾಗೇ ಡಾಲ್ಡಾ ಇತ್ತು. ಭಟ್ಟಿ ಚಾಚಾ ಮಮತಾಲೆ ಹಾಕ್ಯಾರ, ನಾ ಅವರಿಗಿ ಏನೂ ಹೇಳಿರ್ಲಿಲ್ಲ. ನೋಡಲೂ ಇಲ್ಲ. ದವಾಖಾನ್ಯಾಗ ನಿಮಗ ಅಂದಿದ್ದೆಲ್ಲಾ ತಪ್ಪು."

ಮೊರ ಆಡುತ್ತಲೇ ಇತ್ತು. ಇವರು ಕೆಮ್ಮಿದರು. ಲಲಿತಾಬಾಯಿ ನನ್ನನ್ನು ಬಿಟ್ಟು ಭಾಗಿಯನ್ನು ಕೇಳಿದರು, "ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ತಿಂದ್ರ ಹೊಟ್ಟಿ ನೋಯ್ತಿತ್ತೇನು?"

"ಹೂಂ."

"ಮತ್ತ ಹೇಳಲಿಲ್ಲ ಯಾಕ?"

ಭಾಗಿ ಆಯಿಯ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು.

"ಅವತ್ತ ನೀವ್ ನಕ್ಕಿದ್ರಿ."

ನನಗೆ ತಿಳಿಯಲಿಲ್ಲ. "ಯಾವತ್ತ?"

"ಬಿಸ್ಕೀಟ್ ಮುರದು ಬಾಯಾಗ ಹಾಕ್ಕೊಂಡು ನಕ್ಕಿದ್ರಲ್ರೀ. ನಮ್ಮನಿಗಿ ಬಂದ ಮ್ಯಾಲ ನೀವ್ ಹಂಗ ನಕ್ಕಿದ್ದು ನಾ ನೋಡಿರ್ಲಿಲ್ಲ. ಹೇಳಿದ್ರ ಬಂದ್ ಆಗ್ತಿತ್ತು." ಒಂದು ಕಾಳು ಎತ್ತಿ ಇಟ್ಟಳು. "ಮತ್ತ ನೀವ್ ಮಾಡಿದ್ದು ಸರಿ ಆಗ್ಲಿಲ್ಲಂದ್ರ ಆಯಿ ನನ್ನ ಇಲ್ಲಿಗಿ ಕರಕೊಂಡ್ ಬರ್ತೀನಿ ಅಂದಿದ್ಲು."

ಮೊರ ನಿಂತಿತು.

ಗೋಡೆಯ ಕಡೆ ಮುಖ ಮಾಡಿ ಮಲಗಿದ ಅವಳ ಮೈ ನೆನಪಾಯಿತು. ಸಿಟ್ಟು ಅಂದುಕೊಂಡಿದ್ದೆ. ಅವಳಿಗೆ ಊಟ ಸೇರದ ಆ ರಾತ್ರಿ ಬಿಸ್ಕೀಟು ಕೊಟ್ಟವಳೂ ನಾನೇ. ಅಳು ಬಂತು, ಎಲ್ಲರ ಮುಂದೆಯೇ ಅತ್ತೆ.

ಲಲಿತಾಬಾಯಿ ಮೊರ ಪಕ್ಕಕ್ಕಿಟ್ಟರು. ಆಮೇಲೆ ಅಂದರು: "ಇಕಿ ಅವ್ವನೂ ಹಿಂಗೇ ಇದ್ಲು. ಎದಿ ನೋವು ಬಂದ್ರ ಅಡಗಿಮನಿ ಬಾಗಲಾ ಮುಚ್ಚಿಕೊಂಡ್ ಕುಂದ್ರತಿದ್ಲಂತ. ಮಂದಿಗಿ ತ್ರಾಸ ಯಾಕಂತ. ಗೊತ್ತಾಗೋದ್ರಾಗ ಕೈ ಮೀರಿತ್ತು. ನಾನೇ ಹಂಗ ಬೆಳಸಿದೆ. ನನ್ನ ಮಗಳು ಬಾಯಿ ಇಲ್ದಕ್ಕಿ, ಭಾಳ ಚಲೋದಾಕಿ ಅಂತ ಊರ ತುಂಬಾ ಹೇಳ್ಕೊಂಡ್ ಅಡ್ಡಾಡಿದೆ."

ಇವರು ತಲೆ ತಗ್ಗಿಸಿದರು.

"ನನ್ನ ಕೈಯಾಗ ಇದ್ರ ಇಕಿನೂ ಹಂಗೇ ಆಗ್ತಾಳ. ನಿನಗ ಬಾಯಿ ಅದ ಅಂಬಿಕಾ. ಕಟ್ಟಿ ಮ್ಯಾಲ ನನಗ ತುಪ್ಪ ತಿರುಗಿ ಕೊಟ್ಟಿ, ದವಾಖಾನ್ಯಾಗ ಮಂದಿ ಮುಂದ ಬೈದಿ. ಇವತ್ತ ಬಂದು ನಿನ್ನ ತಪ್ಪು ನೀನೇ ಹೇಳಿದಿ. ಇಕಿಗೂ ಕಲಸು. ಬ್ಯಾಡ ಅನ್ನೋದು ಕಲಸು. ಬ್ಯಾನಿ ಆದ್ರ ಚೀರೋದು ಕಲಸು. ಕಲಸ್ತೀನಿ ಅಂದ್ರ ಕರಕೊಂಡ್ ಹೋಗು."

ನಾನು "ಕಲಸ್ತೀನಿ" ಅಂದೆ. ಇಷ್ಟು ದೊಡ್ಡ ಮಾತು ನಾನು ಯಾವತ್ತೂ ಕೊಟ್ಟಿರಲಿಲ್ಲ.

ಆಗಸ್ಟ್ 24

ಚಾಚಾ ಭಾಗಿಯನ್ನು ನೋಡಲು ಬಂದಿದ್ದರು. ಡಾಲ್ಡಾದ ಡಬ್ಬ ಈಗ ಅಟ್ಟದ ಮೇಲೆ ಇಟ್ಟಿದ್ದಾರಂತೆ, ನಮ್ಮ ಸಾಮಾನು ಬಂದಾಗ ಕೈ ಹೋಗಬಾರದು ಅಂತ. ಇಬ್ಬರೂ ಕೂಡಿ ಬೇರೆ ಬೇರೆ ರೀತಿ ಮಾಡಿ ನೋಡುತ್ತಿದ್ದೇವೆ: ಹಿಟ್ಟು ಇನ್ನೂ ತೆಳ್ಳಗೆ ಕಲಸಿ ಕಾಗದದ ಕಪ್ಪಿನಲ್ಲಿ ಸುಡುವುದು, ಗಜ್ಜರಿ (ಕ್ಯಾರೆಟ್ಟು) ತುರಿದು ಹಾಕುವುದು, ಭಟ್ಟಿ ತಣ್ಣಗಾಗುವಾಗ ಕೊನೆಗೆ ಇಡುವುದು. ತುಪ್ಪ ಇಲ್ಲದೇ ಕರಗುವುದಂತೂ ಯಾವುದೂ ಇಲ್ಲ.

ಕಲಿಸುವುದು ಅದಕ್ಕಿಂತ ಕಷ್ಟ. ದಿನಾ ಸಂಜೆ ಕೇಳುತ್ತೇನೆ, "ಹ್ಯಾಂಗಿತ್ತು? ಖರೇ ಹೇಳು." "ಚಲೋ ಇತ್ರೀ." "ನಾ ಬೈಯಂಗಿಲ್ಲ, ಹೇಳು." "ಖರೇನೇ ಚಲೋ ಇತ್ರೀ." ಇವರು ಒಳಗಿನಿಂದ, "ಬೈಯಂಗಿಲ್ಲ ಅಂತ ಹಂಗ ಒದರಿದ್ರ ಯಾರ್ ಹೇಳ್ತಾರ?" ಅಂದರು. ಅದೂ ಖರೆ.

ಸೆಪ್ಟೆಂಬರ್ 6

ಸ್ಕ್ಯಾನ್ ಆಯಿತು. ಕೆಸರು ಬಹುತೇಕ ಕರಗಿದೆ. ಆಪರೇಷನ್ ಮಾತು ಸದ್ಯಕ್ಕೆ ಇಲ್ಲ. ಇನ್ನೂ ಕೆಲವು ವಾರ ಜಿಡ್ಡು ಕಡಿಮೆಯೇ ಇರಲಿ ಅಂದರು. ಮಗಳು ಡಾಕ್ಟರಿಗೂ "ಚಲೋ ಅದೀನ್ರೀ" ಅಂದಳು. ಈ ಸಲ ಅದು ಖರೆ, ಆದರೂ ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ಸೆಪ್ಟೆಂಬರ್ 16

ಇವತ್ತು ನನಗೆ ವಿಪರೀತ ಸಿಟ್ಟು ಬಂದಿದೆ.

ನಸುಕಿನಲ್ಲಿ ಎದ್ದು ಹಣ್ಣು ಕಿವುಚಿ, ಗಜ್ಜರಿ ತುರಿದು, ಭಟ್ಟಿಗೆ ನಾನೇ ಓಡಿ ಮಾಡಿಸಿಕೊಂಡು ಬಂದ ಕಪ್ ಕೇಕು. ಸಂಜೆ ನೋಡಿದರೆ ಡಬ್ಬಿ ಭರ್ತಿ ವಾಪಸು ಬಂದಿದೆ. ಒಂದಕ್ಕೆ ಮಾತ್ರ ಹಲ್ಲಿನ ಗುರುತು. ಮಗಳು ಪಾಟಿಚೀಲ ಮೂಲೆಗೆ ಒಗೆದು ಹೇಳಿದ್ದೇನು?

"ನಾ ಇದು ತಿನ್ನಂಗಿಲ್ಲ. ಭೂಸಾ ತಿಂದಂಗ ಆಗ್ತದ."

"ಏನಂದಿ?"

"ಭೂಸಾ. ಮೊದಲಿನ ಗಟ್ಟಿ ಬಿಸ್ಕೀಟ್ ಅಫ್ಶೀನ್ ಮನಿ ಆಡು ಆದ್ರೂ ತಿಂತಿತ್ತು. ಇದನ್ನ ಮೂಸಿ ನೋಡಿ ಬಿಡ್ತು."

ಅಂದರೆ ಜೂನ್ ತಿಂಗಳಿಡೀ ಖಾಲಿಯಾಗಿ ಬರುತ್ತಿದ್ದ ಡಬ್ಬಿಯ ಕಥೆ ಅದು! ಆಡಿಗೆ! ನಾನು ಬೈದೆ. ಅವಳು ಮಾತಿಗೆ ಮಾತು ಬೆಳೆಸಿದಳು. ಗಜ್ಜರಿ ಕೇಕಿನೊಳಗೆ ಯಾಕ ಹಾಕ್ತಿ, ಗಜ್ಜರಿ ಅಂದ್ರ ಪಲ್ಯಾಕ ಅಂತ ನನಗೇ ಪಾಠ ಹೇಳಿದಳು. ಓಣಿಯ ಬಾಗಿಲುಗಳು ಮತ್ತೆ ತೆರೆದುಕೊಂಡವು. ತೆರೆಯಲಿ.

ಸಿಟ್ಟು ತಡೆಯಲಾರದೆ ಕಮಲಾಪುರಕ್ಕೆ ಫೋನು ಮಾಡಿ ದೂರು ಹೇಳಿದೆ. "ನೋಡ್ರಿ ಆಯೀ ನಿಮ್ಮ ಮೊಮ್ಮಗಳ ನಾಲಗಿ. ನಾ ಮಾಡಿದ್ದಕ್ಕ ಭೂಸಾ ಅಂತಾಳ."

ಆಚೆ ಕಡೆ ತಾಟು ಕೆಳಗಿಟ್ಟ ಸದ್ದು ಕೇಳಿಸಿತು.

"ಏನಂದ್ಲು?" ಅಂದರು ಲಲಿತಾಬಾಯಿ. ದನಿ ಬೇರೆ ಆಗಿತ್ತು. "ಮತ್ತೊಮ್ಮಿ ಹೇಳವ್ವಾ. ಬಾಯಿ ಬಿಟ್ಟು ಅಂದ್ಲೇನು?"

ಮತ್ತೊಮ್ಮೆ ಹೇಳಿದೆ. ಇನ್ನೊಮ್ಮೆ ಹೇಳು ಅಂದರು. ಮೂರನೆಯ ಸಲ ನಾನೂ ಅವಳ ದನಿಯಲ್ಲೇ ಹೇಳಿ ತೋರಿಸಿದೆ.

ನಾಳೆ ಡಬ್ಬಿಗೆ ಏನು ಬೇಕು ಅಂತ ಕೇಳಿದರೆ ಮಹಾರಾಣಿ "ಯೋಚನಿ ಮಾಡಿ ಹೇಳ್ತೀನಿ ತಡಿ" ಅಂದಿದ್ದಾಳೆ. ಹಿಟ್ಟಿನ ಡಬ್ಬ ಮುಂದಿಟ್ಟುಕೊಂಡು ಕಾಯುತ್ತಾ ಕೂತಿದ್ದೇನೆ, ಇನ್ನೂ ಹೇಳಿಲ್ಲ.